ಟವೆಲ್ ಕೈಗೆ ಬಂದಾಗ ಗೀಸರ್ ಆಫ್

ಮನೆಯಲ್ಲಿ ಕರೆಂಟು, ನೀರು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದಕ್ಕೆ ಭಾನುವಾರ ಬೆಳಿಗ್ಗೆಯೇ ಸರಿಯಾದ ಹೊತ್ತು. ಎಲ್ಲರೂ ಮನೆಯಲ್ಲಿರುತ್ತಾರೆ, ಆಫೀಸು–ಶಾಲೆಯ ಅವಸರ ಇರುವುದಿಲ್ಲ. ಬೆಂಗಳೂರಿನಲ್ಲಿ ನಾಲ್ಕು ಜನ ಇರುವ ಮನೆಯೊಂದರ ಅಂಥ ಒಂದು ಭಾನುವಾರದ ಕೆಲಸ ಇದು.

ಮೊದಲು ಮೀಟರ್. ಕೆಂಪಗೆ ಮಿನುಗುವ ಪುಟ್ಟ ದೀಪದ ಹತ್ತಿರ 3200 ಅಥವಾ 1600 ಎಂದು ಬರೆದಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಆ ದೀಪ ಅಷ್ಟು ಸಲ ಮಿನುಗುತ್ತದೆ. ಲೈಟು, ಫ್ಯಾನು ಎಲ್ಲ ಆರಿಸಿ, ಫ್ರಿಜ್ ಪ್ಲಗ್ಗನ್ನು ಹತ್ತು ನಿಮಿಷ ತೆಗೆದಿಟ್ಟು, ಒಂದು ಮಿನುಗಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡು ಎಂದು ಎಣಿಸಿ. 3200ರ ಮೀಟರಿನಲ್ಲಿ 45 ಸೆಕೆಂಡು ಬಂದರೆ, ಯಾರೂ ಏನೂ ಬಳಸದಿದ್ದರೂ ಮನೆ 25 ವ್ಯಾಟ್ ಎಳೆಯುತ್ತಿದೆ. ತಿಂಗಳಿಗೆ 18 ಯೂನಿಟ್.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಟಿವಿ ಹಿಂದಿನ ಸೆಟ್‌ಟಾಪ್ ಬಾಕ್ಸ್. ರಿಮೋಟಿನಲ್ಲಿ ಆಫ್ ಮಾಡಿದರೆ ಅದು ಪೂರ್ತಿ ಆರುವುದಿಲ್ಲ. ಗೋಡೆಯ ಸ್ವಿಚ್ಚೋ ಟಿವಿ ಸ್ಟ್ಯಾಂಡಿನ ಹಿಂದೆ. ಮಲಗುವ ಹೊತ್ತಿನಲ್ಲಿ ಬಗ್ಗಿ ಕೈ ಹಾಕುವವರು ಯಾರೂ ಇಲ್ಲ. ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಮುಂದಕ್ಕೆ, ಕೈಗೆಟುಕುವಲ್ಲಿ ತಂದಿಡಿ. ವೈಫೈ ರೂಟರನ್ನು ಮಾತ್ರ ಆ ಬೋರ್ಡಿಗೆ ಸಿಕ್ಕಿಸಬೇಡಿ. ಒಂದು ರಾತ್ರಿ ನೆಟ್ ಹೋದರೆ ಮರುದಿನವೇ ಯಾರೋ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುತ್ತಾರೆ.

ವರ್ತನಾ ವಿಜ್ಞಾನದ ಮೊದಲ ಪಾಠವೇ ಇದು. ಜನರಿಗೆ ಮನಸ್ಸಿಲ್ಲ ಎಂದು ಬೈಯುವುದಕ್ಕಿಂತ ಮೊದಲು ಸ್ವಿಚ್ ಎಲ್ಲಿದೆ ನೋಡಬೇಕು. ಎ.ಸಿ.ಗಳನ್ನು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗುವಂತೆ ತಯಾರಿಸಬೇಕೆಂದು 2020ರ ಜನವರಿಯಿಂದ ಕೇಂದ್ರ ಸರ್ಕಾರ ನಿಯಮ ತಂದದ್ದೂ ಇದೇ ತಿಳಿವಳಿಕೆಯಿಂದ. ಇಟ್ಟದ್ದನ್ನು ಬದಲಿಸುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ.

ಇನ್ನು ಗೀಸರ್. 15 ಲೀಟರಿನ, 2000 ವ್ಯಾಟ್‌ನ ಗೀಸರ್ 22 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಸುಮಾರು 20 ನಿಮಿಷ, ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ ಬೇಕು. ತಣ್ಣೀರು ಬೆರೆಸಿದರೆ ಸ್ನಾನದ ಹದದ ನೀರು 30 ಲೀಟರಿಗೂ ತುಸು ಹೆಚ್ಚು ಸಿಗುತ್ತದೆ, ಅಂದರೆ ಒಂದೂವರೆ ಬಕೆಟ್. ಒಬ್ಬರ ಸ್ನಾನಕ್ಕೆ ಧಾರಾಳ. ಕೊನೆಯವರು ಸ್ನಾನಕ್ಕೆ ಹೋಗುವಾಗ ಟ್ಯಾಂಕ್ ಬಿಸಿಯಾಗಿದ್ದರೆ ಆಮೇಲೆ ಕರೆಂಟು ಬೇಕಿಲ್ಲ.

ಆದರೂ ಮರೆಯುವುದೇಕೆ? 'ಸ್ನಾನ ಆದಮೇಲೆ ಆಫ್ ಮಾಡಿ' ಎನ್ನುತ್ತೇವೆ. ಸ್ನಾನ ಆದಮೇಲೆ ಕೈ ಒದ್ದೆ, ಮೈ ಚಳಿ, ಅಡುಗೆಮನೆಯಿಂದ ತಿಂಡಿಗೆ ಕರೆ. ನೆನಪು ನಿಲ್ಲುವ ಹೊತ್ತಲ್ಲ ಅದು. ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ತೋರಿಸಿಕೊಟ್ಟ ದಾರಿ ಸರಳ: 'ಇದಾದಾಗ ಇದನ್ನು ಮಾಡುತ್ತೇನೆ' ಎಂದು ಖಚಿತವಾದ ಒಂದು ಗಳಿಗೆಗೆ ಕೆಲಸವನ್ನು ಕಟ್ಟಿಹಾಕಬೇಕು. ಇಲ್ಲಿ ಆ ಗಳಿಗೆ ಟವೆಲ್ಲಿನದು. ಕೊನೆಯವರು ಸ್ನಾನಕ್ಕೆ ಹೊರಟು ಟವೆಲ್ ಕೈಗೆ ಬಂತು, ಗೀಸರ್ ಆಫ್. ಸ್ವಿಚ್ಚಿನ ಪಕ್ಕದಲ್ಲೇ ಟವೆಲ್ ಗೂಟ ಹೊಡೆದರೆ ಇನ್ನೂ ಸುಲಭ. ಮೈಮೇಲೆ ನೀರು ಬೀಳುವಾಗ ಗೀಸರಿನಲ್ಲಿ ಕರೆಂಟು ಹರಿಯುತ್ತಿರುವುದಿಲ್ಲ. ಈ ಕಾರಣಕ್ಕಾದರೂ ಇದನ್ನು ರೂಢಿ ಮಾಡಿಕೊಳ್ಳಲೇಬೇಕು.

ಕೊನೆಯವರು ಯಾರು ಎಂದು ಮೊದಲೇ ಗೊತ್ತುಮಾಡಿ. ಇಲ್ಲದಿದ್ದರೆ ಪ್ರತಿಯೊಬ್ಬರಿಗೂ 'ಇನ್ನೊಬ್ಬರು ಇದ್ದಾರಲ್ಲ' ಎನಿಸುತ್ತದೆ. 'ವಿದ್ಯುತ್ ಉಳಿಸಿ' ಎಂಬ ಚೀಟಿ ಅಂಟಿಸಬೇಡಿ, ಕೆಲವೇ ದಿನಗಳಲ್ಲಿ ಅದು ಗೋಡೆಯ ಬಣ್ಣದಂತಾಗಿ ಕಣ್ಣಿಗೇ ಬೀಳುವುದಿಲ್ಲ. ಟೈಮರ್ ಹಾಕಿಸುವುದಾದರೆ 16 ಆಂಪಿಯರಿನದೇ ಬೇಕು. 2000 ವ್ಯಾಟ್ ಎಂದರೆ ಹತ್ತಿರ ಹತ್ತಿರ 9 ಆಂಪಿಯರ್. ಅಗ್ಗಕ್ಕೆ ಸಿಗುವ 6 ಆಂಪಿಯರಿನ ಟೈಮರ್ ಬಿಸಿಯಾಗಿ ಕರಗಬಹುದು. ಬಿಸಿನೀರು ತುಂಬಿರುವಾಗ ಟ್ಯಾಂಕಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಶಾಖ ಸೋರುತ್ತಿದೆ. ಮರೆವು ದುಬಾರಿಯಾಗುವುದು ಅಂಥ ಹಳೇ ಗೀಸರಿನಲ್ಲೇ.

ನೆನಪಿನ ಹಂಗೇ ಇಲ್ಲದ ಉಪಾಯ ನಲ್ಲಿಯ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ, ನಲ್ಲಿಯ ತುದಿಗೆ ಹಾಕುವ ಪುಟ್ಟ ಜಾಲರಿ. 2024ರ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಇದನ್ನು ಅಪಾರ್ಟ್‌ಮೆಂಟ್, ಹೋಟೆಲ್‌ಗಳಲ್ಲಿ ಕಡ್ಡಾಯ ಮಾಡಿತು. ಒಂದು ಲೀಟರಿನ ಜಗ್ ಐದು ಸೆಕೆಂಡಿಗೇ ತುಂಬಿದರೆ ನಿಮ್ಮ ನಲ್ಲಿ ನಿಮಿಷಕ್ಕೆ 12 ಲೀಟರ್ ಸುರಿಯುತ್ತಿದೆ. ನಿಮಿಷಕ್ಕೆ 3–4 ಲೀಟರ್ ಬಿಡುವ ಏರೇಟರ್ ಕೈ ತೊಳೆಯಲು ಸಾಕು. ಬಕೆಟ್ ತುಂಬುವ ನಲ್ಲಿಗೆ ಹಾಕಬೇಡಿ, ಬಕೆಟ್ಟಿಗೆ ಹಿಡಿಯುವ ನೀರು ಅಷ್ಟೇ, ಕಾಯುವುದಷ್ಟೇ ಹೆಚ್ಚು. ನಲ್ಲಿಯ ಹಳೇ ತುದಿಯನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ: ತಿರುಪಿನ ಗೆರೆ (ಥ್ರೆಡ್) ಹೊರಗಿದೆಯೋ ಒಳಗಿದೆಯೋ ಎಂಬುದರಲ್ಲೇ ತಪ್ಪಾಗುವುದು ಜಾಸ್ತಿ. ಬೋರ್‌ವೆಲ್ ನೀರಾದರೆ ಜಾಲರಿಗೆ ಸುಣ್ಣ ಕಟ್ಟಿ ಧಾರೆ ಸಣ್ಣಗಾಗುತ್ತದೆ, ಬೇಸತ್ತು ಕಿತ್ತೆಸೆಯುತ್ತಾರೆ. ರಾತ್ರಿಯಿಡೀ ವಿನೆಗರಿನಲ್ಲೋ ನಿಂಬೆರಸದಲ್ಲೋ ನೆನೆಹಾಕಿ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಮತ್ತೆ ಹೊಸದರಂತಾಗುತ್ತದೆ.

ಸಂಜೆಗೆ ಲೆಕ್ಕ. ಗೃಹಜ್ಯೋತಿಯಲ್ಲಿ ಬಹುತೇಕ ಮನೆಗಳಿಗೆ 2022–23ರ ತಿಂಗಳ ಸರಾಸರಿ ಬಳಕೆ ಮತ್ತು ಅದರ ಶೇ 10 ಸೇರಿದ್ದು ಉಚಿತ ಮಿತಿ. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಹಣ. 200 ದಾಟಿದರೆ ಪೂರ್ತಿ ಬಿಲ್. ಹಾಗಾಗಿ ಮಿತಿಯ ಅಂಚಿನ ಹತ್ತು ಯೂನಿಟ್‌ಗೆ ಬಹಳ ಬೆಲೆ. ಸೊನ್ನೆ ಬಿಲ್ಲಿನ ಮನೆಗೆ ಕರೆಂಟಿನಲ್ಲಿ ಉಳಿಯುವ ದುಡ್ಡಿಲ್ಲ. ಅವರು ಟ್ಯಾಂಕರ್ ನೀರು, ಗ್ಯಾಸಿನ ಕಡೆ ನೋಡಬೇಕು.

ಆದರೆ 'ಉಚಿತ ಮಿತಿಗೆ ಇನ್ನೂ 40 ಯೂನಿಟ್ ಬಾಕಿ ಇದೆ' ಎಂಬ ಮಾತೇ ಬಳಕೆ ಹೆಚ್ಚಿಸಬಹುದು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೆರೆಹೊರೆಯ ಸರಾಸರಿ ಬಳಕೆಯನ್ನು ಮನೆಗಳಿಗೆ ತಿಳಿಸಿದರು. ಹೆಚ್ಚು ಬಳಸುವವರು ಇಳಿಸಿದರು, ಆದರೆ ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು. ಚೀಟಿಯ ಜೊತೆಗೆ ಒಂದು ನಗುಮುಖ ಬರೆದುಕೊಟ್ಟಲ್ಲಿ ಆ ಏರಿಕೆ ಕಾಣಲಿಲ್ಲ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರ ಅದೇ ಹೊತ್ತಿಗೆ ಮೀಟರಿನ ಅಂಕಿ ಬರೆಯಿರಿ. ಬಾಕಿ ಎಷ್ಟು ಎಂದು ಬರೆಯಬೇಡಿ, ಆ ವಾರ ಎಷ್ಟು ಎಂದಷ್ಟೇ. ಹಿಂದಿನ ವಾರಕ್ಕಿಂತ ಕಡಿಮೆಯಾಗಿದ್ದರೆ ಮಗುವಿನ ಕೈಯಲ್ಲಿ ಪೆನ್ಸಿಲ್ ಕೊಟ್ಟು ನಗುಮುಖ ಬರೆಸಿ.