ಸ್ಫಿಂಕ್ಸ್ ಬೆಕ್ಕಿನ ಸ್ನಾನದ ದಿನ

ಸ್ಫಿಂಕ್ಸ್ ಸಾಕಿದ ಮನೆಯಲ್ಲಿ ಸ್ನಾನದ ದಿನ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಿಲ್ಲ. ಬೆಕ್ಕು ಮಲಗೆದ್ದ ದಿಂಬಿನ ಮೇಲೆ ಕಂದು ಕಲೆ ಕಂಡರೆ ಟಬ್ ತೆಗೆಯುವ ಹೊತ್ತಾಯಿತು ಎಂದರ್ಥ. ಕೂದಲಿಲ್ಲ, ಉದುರುವ ಗೋಜಿಲ್ಲ, ಬಾಚುವ ಕೆಲಸವೂ ಇಲ್ಲ ಎಂದುಕೊಂಡು ಈ ತಳಿಗೆ ಮನಸೋಲುವವರು ಬಹಳ. ಆದರೆ ಚರ್ಮದಲ್ಲಿ ಎಣ್ಣೆಗ್ರಂಥಿ ಎಲ್ಲ ಬೆಕ್ಕಿಗೂ ಇದೆ. ಬೇರೆ ಬೆಕ್ಕುಗಳಲ್ಲಿ ಆ ಜಿಡ್ಡು ಕೂದಲಿಗೆ ಹರಡಿಕೊಳ್ಳುತ್ತದೆ, ಮಿಕ್ಕಿದ್ದನ್ನು ಬೆಕ್ಕೇ ನೆಕ್ಕಿ ಮುಗಿಸುತ್ತದೆ. ಸ್ಫಿಂಕ್ಸ್‌ನಲ್ಲಿ ಗ್ರಂಥಿ ಇದೆ, ಹೀರಿಕೊಳ್ಳುವ ಕೂದಲಿಲ್ಲ; ಜಿಡ್ಡು ಚರ್ಮದ ಮೇಲೇ ಉಳಿದು ದಿಂಬಿಗೆ ಅಂಟುತ್ತದೆ. ಬಾಚಣಿಗೆಯಲ್ಲಿ ಉಳಿಸಿದ ಸಮಯವನ್ನು ಅದು ಬಟ್ಟೆ, ಹತ್ತಿ, ಶಾಂಪೂಗಳಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಮೊದಲು ಕೋಣೆ ಬೆಚ್ಚಗಿರಬೇಕು. 25 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಅನಿಸಿದರೆ ಕಿಟಕಿ ಮುಚ್ಚಿ, ಹೀಟರ್ ಹಾಕಿ, ಎರಡು ಟವೆಲ್ ಬೆಚ್ಚಗೆ ಮಾಡಿಟ್ಟುಕೊಂಡು ಆಮೇಲೆ ಬೆಕ್ಕನ್ನು ಎತ್ತಿಕೊಳ್ಳಿ. ಹೊಟ್ಟೆ ತುಂಬ ತಿಂದ ಕೂಡಲೇ ಬೇಡ. ಟಬ್‌ನ ತಳಕ್ಕೆ ಹಳೆಯ ಟವೆಲ್ ಒಂದನ್ನು ಹಾಸಿ. ನೀರಿಗೆ ಹೆದರುವ ಬೆಕ್ಕು ಎನ್ನುತ್ತಾರಲ್ಲ, ಎಷ್ಟೋ ಸಲ ಅದು ಹೆದರುವುದು ಕಾಲು ಜಾರುವುದಕ್ಕೆ.

ನೀರಿಗಿಂತ ಮುಂಚೆ ಉಗುರು. ಬೇರೆ ಬೆಕ್ಕು ಮೈ ಕೆರೆದುಕೊಂಡರೆ ಕೂದಲು ಅಡ್ಡ ಬರುತ್ತದೆ; ಸ್ಫಿಂಕ್ಸ್‌ನ ಮೈಮೇಲೆ ಅದರದೇ ಹಿಂಗಾಲಿನ ಉಗುರು ಗೀರೆಳೆಯುತ್ತದೆ. ಬೆಕ್ಕಿನ ಬೆರಳಿನ ಮೇಲೆ ನಿಮ್ಮ ಹೆಬ್ಬೆರಳು, ಕೆಳಗಿನ ಮೆತ್ತೆಗೆ ತೋರುಬೆರಳು ಇಟ್ಟು ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಒಳಗೆ ಗುಲಾಬಿ ಬಣ್ಣ ಕಾಣುವಲ್ಲಿ ರಕ್ತನಾಳ. ಅದಕ್ಕೆ 2 ಮಿಲಿಮೀಟರ್ ಬಿಟ್ಟು ತುದಿಯ ಕೊಕ್ಕೆಯನ್ನಷ್ಟೇ ಕತ್ತರಿಸಬೇಕು. ಕತ್ತರಿಸಿದ ಮೇಲೆ ಕೂಡಲೇ ಬಿಟ್ಟುಬಿಡಬೇಡಿ, ಉಗುರಿನ ಬುಡ ನೋಡಿ. ಚರ್ಮದ ಮಡಿಕೆಯೊಳಗೆ ಕಪ್ಪುಗಂದು ಮೇಣ ಗಟ್ಟಿಯಾಗಿ ಕೂತಿರುತ್ತದೆ. ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಅಲ್ಲೇ ಒತ್ತಿ ಹಿಡಿದರೆ ಮೆತ್ತಗಾಗುತ್ತದೆ, ಆಮೇಲೆ ಬುಡದಿಂದ ತುದಿಯ ಕಡೆಗೆ ಒರೆಸಿದರೆ ಸಲೀಸಾಗಿ ಬರುತ್ತದೆ. ಒಣಗಿದ್ದಾಗಲೇ ಕೆರೆದರೆ ಚರ್ಮ ಕಿತ್ತುಬರುತ್ತದೆ. ಮಲಾಸೀಜಿಯಾ ಎಂಬ ಯೀಸ್ಟ್‌ಗೆ ಈ ಜಿಡ್ಡೇ ಆಹಾರ. ಬುಡ ಕೆಂಪಾಗಿ, ಹುಳಿವಾಸನೆ ಬಂದು, ಬೆಕ್ಕು ಪಾದವನ್ನೇ ನೆಕ್ಕುತ್ತ ಕೂತರೆ ಅದು ಪಶುವೈದ್ಯರು ನೋಡಬೇಕಾದ ಸೋಂಕು.

ಕಿವಿ ದೊಡ್ಡದು, ತಡೆಯಲು ಒಳಗೆ ಕೂದಲಿಲ್ಲ, ಧೂಳು ನೇರ ಇಳಿಯುತ್ತದೆ. ಕೆಂಗಂದು ಮೇಣ ಸಹಜ. ಕಪ್ಪಗೆ ಪುಡಿಪುಡಿಯಾಗಿದ್ದು ಬೆಕ್ಕು ತಲೆ ಒದರುತ್ತಿದ್ದರೆ ಕಿವಿಯಲ್ಲಿ ಉಣ್ಣಿಜಾತಿಯ ಹುಳು ಇರಬಹುದು. ಬೆಕ್ಕಿಗೆಂದೇ ಬರುವ ಕಿವಿದ್ರಾವಣವನ್ನು ಹತ್ತಿಗೆ ಹಾಕಿ, ನಿಮ್ಮ ಬೆರಳು ಹೋಗುವಷ್ಟು ಆಳ ಮಾತ್ರ ಒರೆಸಿ. ತುದಿಗೆ ಹತ್ತಿ ಸುತ್ತಿದ ಕಡ್ಡಿ ಬೇಡ, ಅದು ಮೇಣವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ರೆಪ್ಪೆಗೂದಲು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಕಣ್ಣಿನ ಮೂಲೆಯಲ್ಲಿ ಪಿಸುರು ಕಟ್ಟುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಒಂದೊಂದು ಕಣ್ಣಿಗೆ ಒಂದೊಂದು ತುದಿ.

ಇನ್ನು ನೀರು. 38 ಡಿಗ್ರಿ ಇರಲಿ, ಬೆಕ್ಕಿನ ಮೈಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕೈಗೆ ಹದವೆನಿಸಿದ ನೀರು ಅದಕ್ಕೆ ತಣ್ಣಗಿರಬಹುದು, ಹಾಗಾಗಿ ಥರ್ಮಾಮೀಟರ್ ಇಟ್ಟುಕೊಳ್ಳುವುದು ಒಳ್ಳೆಯದು. 10 ಸೆಂಟಿಮೀಟರ್ ಆಳ ಸಾಕು. ಬೆಕ್ಕಿನ ಶಾಂಪೂ ಒಂದು ಟೀ ಚಮಚವನ್ನು ಒಂದು ಲೋಟ ನೀರಿಗೆ ಬೆರೆಸಿಕೊಂಡು, ಕುತ್ತಿಗೆಯಿಂದ ಬಾಲದ ಕಡೆಗೆ ಬರಿಗೈಯಲ್ಲಿ ಸವರಿ. ಬ್ರಷ್ ಬೇಡ. ಟೀ ಟ್ರೀ ಎಣ್ಣೆ ಇರುವ ಯಾವುದನ್ನೂ ಹತ್ತಿರ ಸೇರಿಸಬೇಡಿ, ಬೆಕ್ಕಿಗೆ ಅದು ವಿಷ. ಬೆನ್ನು ತೊಳೆಯುವುದು ಸುಲಭ, ಜಿಡ್ಡು ಅಡಗುವುದು ಬೇರೆ ಕಡೆ: ಕಂಕುಳು, ತೊಡೆಸಂದು, ಗದ್ದದ ಕೆಳಗೆ, ಬೆರಳುಗಳ ನಡುವೆ, ಬಾಲದ ಬುಡದಲ್ಲಿ. ಸುಕ್ಕನ್ನು ಬೆರಳಿಂದ ಬಿಡಿಸಿ ಒಳಗೆ ಸವರಬೇಕು. ಮುಖಕ್ಕೆ ಶಾಂಪೂ ಇಲ್ಲ, ಒದ್ದೆ ಬಟ್ಟೆ ಮಾತ್ರ. ಆಮೇಲೆ ಎರಡು ಸಲ ಬೇರೆ ನೀರು ಬದಲಿಸಿ, ಮಗ್‌ನಿಂದ ಹೊಯ್ಯುತ್ತ, ಕೈ ಜಾರುವುದು ನಿಲ್ಲುವವರೆಗೆ ತೊಳೆಯಿರಿ. ಸ್ನಾನವಾದ ಮೇಲೆ ಮೈ ಕೆರೆತ, ಸಣ್ಣ ಹೊಪ್ಪಳೆ ಕಂಡರೆ ನಾನು ಮೊದಲು ಅನುಮಾನಿಸುವುದು ಮಡಿಕೆಯಲ್ಲಿ ಉಳಿದ ಶಾಂಪೂವನ್ನು. ವಾರಕ್ಕೊಮ್ಮೆ ಸಾಮಾನ್ಯ ಲೆಕ್ಕ. ಕೆಲವಕ್ಕೆ ಎರಡು ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ಎರಡು ದಿನಕ್ಕೊಮ್ಮೆ ತೊಳೆಯುವ ಶ್ರದ್ಧಾವಂತರಿದ್ದಾರೆ, ಅವರ ಬೆಕ್ಕಿನ ಚರ್ಮ ಒಣಗಿ ಹೊಟ್ಟು ಏಳುತ್ತದೆ.

ಬೇರೆ ಬೆಕ್ಕು ಒದ್ದೆಯಾದರೆ ನೋಡಲು ಅರ್ಧಕ್ಕೆ ಇಳಿಯುತ್ತದೆ. ಸ್ಫಿಂಕ್ಸ್ ಹೇಗಿತ್ತೋ ಹಾಗೇ. ಪೀಪಾಯಿ ಎದೆ, ಈಗಷ್ಟೇ ಉಂಡೆದ್ದಂಥ ದುಂಡು ಹೊಟ್ಟೆ, ಎದ್ದು ಕಾಣುವ ಕೆನ್ನೆಮೂಳೆ, ಅಗಲ ಬುಡದ ಕಿವಿ, ನಿಂಬೆಯಾಕಾರದ ಕಣ್ಣು, ತುದಿಗೆ ಸಪೂರವಾಗುವ ಬಾಲ, ದಪ್ಪ ಮೆತ್ತೆಯ ಪಾದ. ಮೀಸೆ ಇರುವುದಿಲ್ಲ, ಇದ್ದರೂ ಮೋಟು, ಮುರುಟಿದ್ದು. ಸಾಮಾನ್ಯವಾಗಿ 3ರಿಂದ 5 ಕಿಲೋ ತೂಕ. ಎತ್ತಿಕೊಂಡವರಿಗೆ ಕಂಡದ್ದಕ್ಕಿಂತ ಭಾರ ಅನಿಸುತ್ತದೆ. ಕೂದಲಲ್ಲಿ ಇರಬೇಕಿದ್ದ ಪಟ್ಟೆ, ಮಚ್ಚೆ ಎಲ್ಲವೂ ಚರ್ಮದ ಮೇಲೇ ಮೂಡಿರುತ್ತವೆ. ಪೂರ್ತಿ ಬೋಳು ಎನ್ನುವುದೂ ಸರಿಯಲ್ಲ. ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುವಂಥ ನವಿರು ರೋಮ ಕಾಣುತ್ತದೆ.

ಈ ಬೋಳುತನಕ್ಕೆ ಕಾರಣ ಕೆಆರ್‌ಟಿ71 ಎಂಬ ಜೀನ್‌ನಲ್ಲಿನ ಬದಲಾವಣೆ. ಕೂದಲಿನ ಬುಡದ ಒಳಪದರಕ್ಕೆ ಬೇಕಾದ ಕೆರಾಟಿನ್ ಅಲ್ಲಿ ಸರಿಯಾಗಿ ತಯಾರಾಗುವುದಿಲ್ಲ, ಕೂದಲು ಹುಟ್ಟಿದರೂ ನಿಲ್ಲುವುದಿಲ್ಲ. 2010ರಲ್ಲಿ ಇದು ಪತ್ತೆಯಾಯಿತು. ಡೆವನ್ ರೆಕ್ಸ್ ಎಂಬ ಬೆಕ್ಕಿನ ತಳಿಯ ಗುಂಗುರು ಕೂದಲಿಗೂ ಇದೇ ಜೀನ್‌ನ ಇನ್ನೊಂದು ಬದಲಾವಣೆ ಕಾರಣ. ಸ್ಫಿಂಕ್ಸ್‌ನ ಗುಣ ಸುಪ್ತವಾದದ್ದು, ತಾಯಿ ತಂದೆ ಇಬ್ಬರಿಂದಲೂ ಬರಬೇಕು. ರಷ್ಯಾದ ಡಾನ್ಸ್ಕಾಯ್ ಕೂದಲಿಲ್ಲದ ಬೆಕ್ಕಾದರೂ ಅದರ ಗುಣ ಪ್ರಬಲ, ಒಬ್ಬರಿಂದ ಬಂದರೂ ಸಾಕು. ಇವೆರಡನ್ನೂ ಒಂದೇ ಎಂದು ಮಾರುವವರ ಹತ್ತಿರ ಮರಿ ತರಬೇಡಿ.

ಹೆಸರು ಕೇಳಿ ಈಜಿಪ್ಟ್ ಎಂದುಕೊಳ್ಳುವುದುಂಟು. ಊರು ಕೆನಡಾದ ಟೊರೊಂಟೊ. 1966ರಲ್ಲಿ ಅಲ್ಲಿ ಎಲಿಜಬೆತ್ ಎಂಬ ಸಾಧಾರಣ ಬೆಕ್ಕಿಗೆ ಪ್ರೂನ್ ಎಂಬ ಬೋಳು ಗಂಡುಮರಿ ಹುಟ್ಟಿತು. ಅದನ್ನು ತಾಯಿಯ ಜತೆಗೇ ಕೂಡಿಸಿ ವಂಶ ಬೆಳೆಸಲು ಹೋದರು. ರಕ್ತಸಂಬಂಧ ಇಕ್ಕಟ್ಟಾಗಿ ಆ ಸಂತತಿ ಉಳಿಯಲಿಲ್ಲ. ಇಂದಿನ ಸ್ಫಿಂಕ್ಸ್‌ಗಳ ಬೇರು 1975ರಿಂದೀಚೆಗೆ ಅಮೆರಿಕದ ಮಿನೆಸೋಟಾದ ಹೊಲಮನೆಯೊಂದರಲ್ಲಿ ಹುಟ್ಟಿದ ಎಪಿಡರ್ಮಿಸ್, ಡರ್ಮಿಸ್ ಮತ್ತು 70ರ ದಶಕದ ಕೊನೆಗೆ ಟೊರೊಂಟೊದಲ್ಲಿ ಸಿಕ್ಕ ಬೀದಿಮರಿಗಳಲ್ಲಿದೆ. ಅವುಗಳಲ್ಲಿ ಪಂಕಿ, ಪಲೋಮಾ ಎಂಬ ಹೆಣ್ಣುಗಳು ನೆದರ್ಲೆಂಡ್ಸ್‌ಗೆ ಹೋಗಿ, ಡೆವನ್ ರೆಕ್ಸ್ ರಕ್ತ ಬೆರೆತು ತಳಿ ಗಟ್ಟಿಯಾಯಿತು. ಈಗ ಅದೇ ನೆದರ್ಲೆಂಡ್ಸ್ 2026ರ ಜನವರಿ 1ರಿಂದ ಕೂದಲಿಲ್ಲದ ಬೆಕ್ಕುಗಳನ್ನು ಹೊಸದಾಗಿ ಸಾಕುವುದನ್ನೇ ನಿಷೇಧಿಸಿದೆ. ಮೊದಲೇ ಗುರುತಿನ ಚಿಪ್ ಹಾಕಿಸಿದವಕ್ಕೆ ಮಾತ್ರ ವಿನಾಯಿತಿ. ಮೀಸೆಯಿಲ್ಲದ ಬೆಕ್ಕು ಸುತ್ತಲಿನದನ್ನು ಅಳೆಯುವ ಇಂದ್ರಿಯವೊಂದನ್ನೇ ಕಳೆದುಕೊಂಡಿರುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವುದು ಕಷ್ಟ.

ಟಬ್‌ನಿಂದ ಎತ್ತಿದ ಕೂಡಲೇ ಬೆಚ್ಚಗಿನ ಟವೆಲ್‌ನಲ್ಲಿ ಸುತ್ತಿ, ಉಜ್ಜದೆ ಒತ್ತಿ ಒತ್ತಿ ಒರೆಸಿ. ಮಡಿಕೆಗಳನ್ನು ಎರಡನೆಯ ಟವೆಲ್‌ನಲ್ಲಿ ಪ್ರತ್ಯೇಕವಾಗಿ. ಈ ಬೆಕ್ಕಿನ ಸ್ವಭಾವ ಗೊತ್ತಾಗುವುದು ಇಲ್ಲೇ. ಬೈದುಕೊಳ್ಳುತ್ತ ದೂರ ಓಡಿ ಕೂರುವ ಜಾತಿಯಲ್ಲ, ನಿಮ್ಮ ಅಂಗಿಯೊಳಗೇ ನುಗ್ಗುತ್ತದೆ. ಶಾಖ ಎಲ್ಲಿದೆಯೋ ಅದು ಅಲ್ಲಿ: ಹೆಗಲ ಮೇಲೆ, ಲ್ಯಾಪ್‌ಟಾಪ್ ಮೇಲೆ, ಹೊದಿಕೆಯೊಳಗೆ. ಮಾತು ಜಾಸ್ತಿ, ಕುತೂಹಲ ಅದಕ್ಕಿಂತ ಜಾಸ್ತಿ, ಹಸಿವು ಎಲ್ಲಕ್ಕಿಂತ ಜಾಸ್ತಿ; ಮೈ ಬಿಸಿ ಉಳಿಸಿಕೊಳ್ಳಲು ಹೆಚ್ಚು ಊಟ ಬೇಕು. ದಿನವಿಡೀ ಬೀಗ ಹಾಕಿ ಹೋಗುವ ಮನೆಗೆ ಇದು ತಕ್ಕುದಲ್ಲ. ಅಲರ್ಜಿ ಇರುವವರಿಗೆ ತೊಂದರೆಯಿಲ್ಲ ಎಂಬ ಮಾತನ್ನೂ ನಂಬಬೇಡಿ: ಫೆಲ್ ಡಿ 1 ಎಂಬ ಅಲರ್ಜಿಯ ಪ್ರೋಟೀನ್ ಇರುವುದು ಬೆಕ್ಕಿನ ಎಂಜಲಲ್ಲಿ, ಚರ್ಮದ ಜಿಡ್ಡಲ್ಲಿ.

ಒಣಗಲೆಂದು ಉರಿಬಿಸಿಲಿಗೆ ಬಿಡಬೇಡಿ, ತಿಳಿಚರ್ಮ ಬೇಗ ಸುಡುತ್ತದೆ. ಮನುಷ್ಯರ ಸನ್‌ಸ್ಕ್ರೀನ್ ಹಚ್ಚಿದರೆ ನೆಕ್ಕುತ್ತದೆ, ಅದರಲ್ಲಿನ ಸತುವಿನ ಆಕ್ಸೈಡ್, ಸ್ಯಾಲಿಸಿಲೇಟ್ ಹೊಟ್ಟೆಗೆ ಹೋಗಬಾರದು. ಚಳಿಗೆ ಹತ್ತಿಯ ಅಂಗಿ ಹಾಕಬಹುದು, ಆದರೆ ದಿನಾ ಬದಲಿಸಿ. ಜಿಡ್ಡು ಕುಡಿದ ಅಂಗಿಯ ಕೆಳಗೆ ಮೊಡವೆ ಏಳುತ್ತದೆ. ಹಾಸಿಗೆಯನ್ನೂ ಅದೇ ದಿನ ಒಗೆಯದಿದ್ದರೆ ಸ್ನಾನ ಸಂಜೆಗೇ ವ್ಯರ್ಥ.

ಸ್ನಾನವಾದ ಮೇಲೆ ಬೆಕ್ಕು ಗಾಢವಾಗಿ ನಿದ್ರಿಸುತ್ತದೆ, ಉಸಿರು ಎಣಿಸಲು ಅದೇ ಒಳ್ಳೆಯ ಸಮಯ. ಕೂದಲು ಅಡ್ಡವಿಲ್ಲದ್ದರಿಂದ ಪಕ್ಕೆ ಏರಿಳಿಯುವುದು ಸ್ಪಷ್ಟ ಕಾಣುತ್ತದೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿದ್ದೆಯಲ್ಲಿ ನಿಮಿಷಕ್ಕೆ 30 ದಾಟುತ್ತಿದ್ದರೆ ವೈದ್ಯರಿಗೆ ತಿಳಿಸಿ. ಹೃದಯದ ಗೋಡೆ ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಈ ತಳಿಯಲ್ಲಿ ಹೆಚ್ಚು. ಸ್ಟೆತೊಸ್ಕೋಪ್‌ಗೆ ಸದ್ದು ಸಿಗದೆಯೂ ಅದು ಇರಬಲ್ಲದು, ಹಾಗಾಗಿ ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿಸುವುದು ರೂಢಿ. ಮರಿ ಕೊಳ್ಳುವಾಗ ತಾಯಿ ತಂದೆಯ ಎಕೋ ವರದಿ ಕೇಳಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ಇದ್ದಕ್ಕಿದ್ದಂತೆ ಕಿರುಚಿ ಹಿಂಗಾಲು ಎಳೆಯತೊಡಗಿದರೆ, ಆ ಕಾಲು ತಣ್ಣಗಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.