ಡ್ರಾಪ್ಸ್ ಹಾಕಿದ ಕಣ್ಣಲ್ಲಿ ಅರಮನೆ

ಅಪ್ಪಯ್ಯನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದೆವು. ಡ್ರಾಪ್ಸ್ ಹಾಕಿ ಪರೀಕ್ಷೆಯೆಲ್ಲ ಮುಗಿಯುವಾಗ ಗಂಟೆ 12. ಕನ್ನಡಕ ಸಿಗೋದು ಸಂಜೆ 4ಕ್ಕೆ. ಅಲ್ಲಿಯವರೆಗೆ ಬಸ್‌ಸ್ಟ್ಯಾಂಡಲ್ಲಿ ಸುಮ್ನೆ ಕೂರೋದು ಬೇಡ ಅಂತ ಕೋಟೆ ರಸ್ತೆಯ ಶಿವಪ್ಪ ನಾಯಕ ಅರಮನೆಗೆ ಆಟೋ ಹಿಡಿದೆವು. ಎಷ್ಟೋ ಸಲ ಹತ್ತಿರದ ಕೋಟೆ ಆಂಜನೇಯನಿಗೆ ಕೈಮುಗಿದು ಹಾಗೇ ವಾಪಸ್ ಬಂದಿದ್ದೇನೆ. ಅರಮನೆಯೊಳಗೆ ಕಾಲಿಟ್ಟಿರಲಿಲ್ಲ.

ಅಂಗಳದ ತುಂಬ ಕೆತ್ತನೆಯ ಹಳೇ ಕಲ್ಲುಗಳು. ಆದರೆ ಬಿಸಿಲಿಗೆ ಅಪ್ಪಯ್ಯನಿಗೆ ಕಣ್ಣೇ ಬಿಡಲಾಗುತ್ತಿರಲಿಲ್ಲ. ಸೀದಾ ಒಳಗೆ ಹೋದೆವು.

ಒಳಗೆ ತಂಪು. ನಡುವೆ ದರ್ಬಾರ್ ಹಾಲ್, ದಪ್ಪ ದಪ್ಪ ಮರದ ಕಂಬಗಳು, ಕಮಾನುಗಳು, ಮೇಲಂತಸ್ತಿನಿಂದ ಕೆಳಗೆ ನೋಡುವಂಥ ಮೊಗಸಾಲೆ. ಹತ್ತಿರದ್ದು ಯಾವುದೂ ಸರಿಯಾಗಿ ಕಾಣದ ಅಪ್ಪಯ್ಯ ಕಂಬದ ಮೇಲೆ ಅಂಗೈ ಇಟ್ಟರು. ನಾನು ಆಚೀಚೆ ನೋಡಿದೆ. ಯಾರೂ ಇರಲಿಲ್ಲ.

"ಬೀಟೆ ಅಂತಾರೆ ಅಪ್ಪಯ್ಯ" ಎಂದೆ.

"ಈ ದಪ್ಪದ ಮರ ಈಗ ಎಲ್ಲಿ ಉಂಟು ಮಾರಾಯ!"

ಅಂದಹಾಗೆ, ಈ ಅರಮನೆ ಶಿವಪ್ಪ ನಾಯಕ ಕಟ್ಟಿಸಿದ್ದಲ್ಲ ಅನ್ನುವವರಿದ್ದಾರೆ. ಕೆಳದಿಯ ಅರಸನಾಗಿ ಆತ ಆಳಿದ್ದು 1645ರಿಂದ 1660ರವರೆಗೆ. ಕಟ್ಟಡದ ಶೈಲಿ ನೋಡಿದರೆ 18ನೇ ಶತಮಾನದ್ದು, ಹೈದರಾಲಿ ಕಾಲದ್ದು ಅನ್ನುತ್ತಾರೆ ಇತಿಹಾಸಕಾರರು. ಕೆಳದಿಯವರ ರಾಜಧಾನಿ ಬಿದನೂರು ಹೈದರನ ಕೈಗೆ ಹೋದದ್ದು 1763ರಲ್ಲಿ. ಊರಿನವರ ಬಾಯಲ್ಲಿ ಮಾತ್ರ ಇದು ಶಿವಪ್ಪ ನಾಯಕನ ಅರಮನೆಯೇ. ನನಗೇನೂ ತಕರಾರಿಲ್ಲ.

ಅಪ್ಪಯ್ಯನಿಗೆ ಅದಕ್ಕಿಂತ ಶಿಸ್ತಿನ ವಿಷಯ ಜಾಸ್ತಿ ಹಿಡಿಸಿತು. 'ಶಿವಪ್ಪ ನಾಯಕನ ಶಿಸ್ತು' ಅಂತ ಗಾದೆಯ ಹಾಗೆ ಹೇಳುತ್ತೇವಲ್ಲ, ಅದು ಅಸಲಿಗೆ ಭೂಕಂದಾಯದ ಲೆಕ್ಕ. ಒಂದೊಂದು ಊರಲ್ಲೂ ಪ್ರತಿ ಬಗೆಯ ಒಂದು ಗದ್ದೆಯನ್ನು ಸರ್ಕಾರದ ಖರ್ಚಲ್ಲೇ 12 ವರ್ಷ ಮಾಡಿಸಿದನಂತೆ. ಬಿತ್ತಿದ ಬೀಜ, ಆದ ಖರ್ಚು, ಬಂದ ಬೆಳೆ, ಸಿಕ್ಕ ಬೆಲೆ ಎಲ್ಲ ಬರೆಸಿ, ಸರಾಸರಿ ತೆಗೆದು, ಉತ್ತಮದಿಂದ ಅಧಮಾಧಮದವರೆಗೆ ನೆಲವನ್ನು 5 ತರ ಮಾಡಿದ. ಬೆಳೆಯಲ್ಲಿ ಮೂರರಲ್ಲೊಂದು ಪಾಲು ಸರ್ಕಾರಕ್ಕೆ.

"ಹನ್ನೆರಡು ವರ್ಷವಾ?" ಅಪ್ಪಯ್ಯ ನಕ್ಕರು. "ಈಗಿನೋರು ಜೀಪಿಂದ ಇಳಿಯದೇ ಬೆಳೆ ಬರ್ಕೊಂಡು ಹೋಗ್ತಾರೆ."

ಮೂರು ಗಂಟೆ ಹೊತ್ತಿಗೆ ಮೋಡ ಕವಿಯಿತು. ಅಂಗಳಕ್ಕೆ ಬಂದೆವು. ಅಪ್ಪಯ್ಯ ಒಂದು ವೀರಗಲ್ಲಿನ ಮುಂದೆ ನಿಂತು, "ಎಂತ ಉಂಟು ಹೇಳು, ನಂಗೆ ಎಲ್ಲ ಮಂಜು ಮಂಜು" ಎಂದರು.

ಹೇಳುತ್ತಾ ಹೋದೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಕಾದಾಡುವವನು. ನಡುವೆ ಅವನನ್ನೇ ಎರಡು ಕಡೆಯಿಂದ ಹಿಡಿದು ಮೇಲೆ ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಅದರ ಮುಂದೆ ಅವನು. ತುದಿಯಲ್ಲಿ ಸೂರ್ಯ, ಚಂದ್ರ.

"ಮೂರು ಪಟ್ಟಿಯಾ? ಮೇಲೆ ಸೂರ್ಯ ಚಂದ್ರ?"

"ಹೌದು."

"ನಮ್ಮ ತೋಟದ ಭೂತಪ್ಪನೂ ಹಿಂಗೇ ಇದ್ದ ಮಾರಾಯ."

ತೋಟದ ಮೂಲೆಯಲ್ಲಿ, ಹಳ್ಳದ ದಂಡೆಗೆ ಒಂದು ಕಲ್ಲಿದೆ. ಅರ್ಧ ನೆಲದೊಳಗೆ, ಉಳಿದರ್ಧಕ್ಕೆ ಪಾಚಿ, ಎಣ್ಣೆ, ಕುಂಕುಮ. ದೀಪಾವಳಿಗೆ ಹಣ್ಣುಕಾಯಿ ಮಾಡುತ್ತೇವೆ. ಅದರಲ್ಲಿ ಚಿತ್ರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಪ್ಪಯ್ಯ ಸಣ್ಣವರಿದ್ದಾಗ ಅವರ ಅಜ್ಜ ಕಲ್ಲು ತೊಳೆಯುವಾಗ ನೋಡಿದ್ದಂತೆ.

"ಹಂಗಾರೆ ಅದು ಭೂತ ಅಲ್ದನಾ? ಮನುಷ್ಯನಾ?"

"ಯುದ್ಧದಲ್ಲೋ ಮತ್ತೆಲ್ಲೋ ಹೋರಾಡಿ ಸತ್ತವನು."

"ಹೆಂಡ್ತಿ ಮಕ್ಕಳು ಇದ್ದರೇನೋ."

ಅದಕ್ಕೆ ನಾನೇನು ಹೇಳಲಿ? ಅಲ್ಲೇ ಇದ್ದ ಮಾಸ್ತಿಗಲ್ಲು ತೋರಿಸಿದೆ. ಒಂದು ಕಂಬ, ಅದರಿಂದ ಹೊರಚಾಚಿ ಮೇಲಕ್ಕೆ ಮಡಚಿದ ತೋಳು, ತೋಳಿಗೆ ಬಳೆ. ಸಹಗಮನ ಹೋದವಳ ಕೈ ಅದು, ಬಳೆ ಒಡೆದಿಲ್ಲ ನೋಡಿ ಎಂದೆ. ಅಪ್ಪಯ್ಯ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಡಿ, ಕನ್ನಡಕ ಆಗಿರ್ತದೆ" ಎಂದರು.

ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿದವರೇ ಬಕೆಟ್ಟು, ತೆಂಗಿನ ನಾರು ಹಿಡಿದು ತೋಟಕ್ಕೆ ಹೊರಟರು. ನಾನು ಗುದ್ದಲಿ ಹಿಡಿದು ಹಿಂದೆ ಹೋದೆ. ಮೊದಲು ಕೈಮುಗಿದರು. ಆಮೇಲೆ ನಿಧಾನಕ್ಕೆ ಉಜ್ಜಿದರು. ಪಾಚಿ ಬಿಟ್ಟಂತೆ ಚಂದ್ರ ಬಂದ, ಲಿಂಗ ಬಂತು. ಅಪ್ಸರೆಯರ ಮುಖ ಸವೆದುಹೋಗಿತ್ತು. ಕೆಳಗಿನ ಪಟ್ಟಿ ಮಣ್ಣಿನೊಳಗೆ. ಒಂದು ಗೇಣು ಅಗೆದೆ. ಒಂದು ಕಾಲು ಸಿಕ್ಕಿತು, ಅದರ ಹಿಂದೆ ಕೊಂಬು, ಕಿವಿ.

ಅಪ್ಪಯ್ಯ ಹೊಸ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ದನ ಬಿಡಿಸ್ಕೊಂಡು ಬರಕ್ಕೆ ಹೋದವ ಮಾರಾಯ ಇವ" ಎಂದರು.