ಜಾಲರಿಯ ಬೆಳಕು: ಲೂಯಿಸ್ ಚಿತ್ರದ ನಕಲು, ಐದನೆಯ ವಾರ

ಜಾಲರಿ ಕೊನೆಗೂ ಮರದ ಹಾಗೆ ಕಾಣತೊಡಗಿದೆ. ಎರಡು ಹಾಳೆ ಹಾಳಾದವು, ಮೂರನೆಯದು ಕೈ ಹಿಡಿಯಿತು.

ನಕಲಿಗೆ ಇಟ್ಟುಕೊಂಡಿರುವುದು ಇಂಗ್ಲೆಂಡಿನ ಜಾನ್ ಫ್ರೆಡರಿಕ್ ಲೂಯಿಸ್ 1873ರಲ್ಲಿ ಬರೆದ ‘ದ ರಿಸೆಪ್ಷನ್’. ಹಲಗೆಯ ಮೇಲಿನ ತೈಲವರ್ಣ. ಮೂಲ ಇರುವುದು ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿ. ಕೈರೋದ ಸಿರಿವಂತರ ಮನೆ, ನೆಲದ ನಡುವೆ ಪುಟ್ಟ ಕೊಳ, ಮನೆಯೊಡತಿಯನ್ನು ಕಾಣಲು ಬಂದ ಹೆಂಗಸರು, ಎಲ್ಲದರ ಮೇಲೂ ಕಿಟಕಿಯ ಜಾಲರಿ ಸೋಸಿ ಬಿಟ್ಟ ಬಿಸಿಲು. ಇಡೀ ಚಿತ್ರ ನನ್ನ ಅಳವಿಗೆ ಮೀರಿದ್ದು. ಕಿಟಕಿಯ ಒಂದು ಮೂಲೆ, ಅದರ ಕೆಳಗಿನ ನೆಲ, ಇಷ್ಟನ್ನೇ ಎ3 ಹಾಳೆಯಲ್ಲಿ ಜಲವರ್ಣದಲ್ಲಿ ಮಾಡುತ್ತಿದ್ದೇನೆ.

ಆ ಜಾಲರಿಗೆ ಮಶ್ರಬಿಯ್ಯಾ ಎನ್ನುತ್ತಾರೆ. ಚರಕಿಯಲ್ಲಿ ಕಡೆದ ಸಣ್ಣ ಸಣ್ಣ ಮರದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದ್ದು. ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗು ಕಾಣುವುದಿಲ್ಲ. ಹೆಸರಿನ ಬೇರು ‘ಕುಡಿಯುವುದು’ ಎಂಬ ಅರಬಿ ಮಾತಿನಲ್ಲಿದೆ. ನೀರಿನ ಹೂಜಿಗಳನ್ನು ಗಾಳಿಗೆ ತಣಿಯಲು ಅಲ್ಲಿಡುತ್ತಿದ್ದರು.

ಮೊದಲ ಹಾಳೆಯಲ್ಲಿ ಮರವನ್ನೇ ಬರೆಯಲು ಹೋದೆ. ಬೇಲಿಯಾಯಿತು. ಎರಡನೆಯದರಲ್ಲಿ ಬೆಳಕಿನ ಚುಕ್ಕಿಗಳಿಗೆ ಬಣ್ಣ ತಾಗದಂತೆ ಕಾಯುವ ಮಾಸ್ಕಿಂಗ್ ದ್ರಾವಣ ಹಚ್ಚಿ ನಾಲ್ಕು ದಿನ ಹಾಗೇ ಬಿಟ್ಟೆ. ಕೀಳುವಾಗ ಕಾಗದದ ಮೈಯೇ ಎದ್ದು ಬಂತು. ಈಗ ಇಡೀ ಕಿಟಕಿಗೆ ಮೊದಲು ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿದ ಗಾಢ ಬಣ್ಣ ಎಳೆದು, ಒಣಗಿದ ಮೇಲೆ ಗೌಶ್ (ಅಪಾರದರ್ಶಕ ಜಲವರ್ಣ) ಬಿಳಿಗೆ ತುಸು ಹಳದಿ ಸೇರಿಸಿ ತೂತುಗಳನ್ನಷ್ಟೇ ಇಡುತ್ತಿದ್ದೇನೆ. ಲೂಯಿಸ್ ಕೂಡ ತಮ್ಮ ಜಲವರ್ಣಗಳಲ್ಲಿ ಅಪಾರದರ್ಶಕ ಬಿಳಿಯನ್ನು ಧಾರಾಳವಾಗಿ ಬಳಸಿದವರು. ಅದು ಗೊತ್ತಾದ ಮೇಲೆ ಕೈಗೆ ಧೈರ್ಯ ಬಂತು.

ಕೆಲಸದ ನಡುವೆ ತಿಳಿದ ಒಂದು ಸಂಗತಿ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಚಿತ್ರದಲ್ಲಿರುವ ಕೋಣೆ ‘ಮಂದರಾ’, ಅಂದರೆ ಗಂಡಸರು ಅತಿಥಿಗಳನ್ನು ಕೂರಿಸುತ್ತಿದ್ದ ಹಜಾರ. ನಾನು ಇಷ್ಟು ದಿನ ಇದನ್ನು ಜನಾನಾ, ಅಂದರೆ ಹೆಂಗಸರ ಒಳಮನೆ, ಎಂದೇ ಕರೆಯುತ್ತಿದ್ದೆ! ಲೂಯಿಸ್ 1841ರಿಂದ 1851ರವರೆಗೆ ಕೈರೋದಲ್ಲಿ ಮನೆ ಮಾಡಿಕೊಂಡಿದ್ದರು. ಆದರೂ ಪರಗಂಡಸಿಗೆ ಯಾರ ಮನೆಯ ಹೆಣ್ಣುಮಕ್ಕಳ ಒಳಮನೆಗೂ ಪ್ರವೇಶವಿರಲಿಲ್ಲ. ತಾವು ಚೆನ್ನಾಗಿ ಬಲ್ಲ ಗಂಡಸರ ಹಜಾರಕ್ಕೇ ಹೆಂಗಸರನ್ನು ಕರೆತಂದು ಕೂರಿಸಿದ್ದಾರೆ ಎಂದು ನನಗನ್ನಿಸುತ್ತದೆ. ಅದೂ ಇಂಗ್ಲೆಂಡಿಗೆ ಮರಳಿ ಇಪ್ಪತ್ತು ವರ್ಷಗಳಾದ ಮೇಲೆ. ಮರದ ಒಂದೊಂದು ಗಂಟೂ ನಿಜ, ಕೋಣೆಯೂ ನಿಜ, ಅಲ್ಲಿ ನಡೆಯುತ್ತಿರುವುದು ಮಾತ್ರ ಕಲ್ಪನೆ. ಹಾಗೆಂದು ಚಿತ್ರದ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಪೂರ್ವದ ನೆಲವನ್ನೇ ಮೆಟ್ಟದ ಫ್ರಾನ್ಸಿನ ಚಿತ್ರಕಾರ ಆಂಗ್ರ್ 1862ರಲ್ಲಿ ‘ಟರ್ಕಿಶ್ ಬಾತ್’ ಚಿತ್ರದ ತುಂಬ ಬೆತ್ತಲೆ ಮೈಗಳನ್ನು ರಾಶಿ ಹಾಕಿದರು. ಲೂಯಿಸರ ಹೆಂಗಸರು ಉಟ್ಟುತೊಟ್ಟು ಘನತೆಯಿಂದ ಇದ್ದಾರೆ.

ಒಳಮನೆಗೆ ನಿಜವಾಗಿ ಕಾಲಿಟ್ಟವರು ಫ್ರಾನ್ಸಿನ ಚಿತ್ರಕಾರ್ತಿ ಹೆನ್ರಿಯೆಟ್ ಬ್ರೌನ್. ಹೆಣ್ಣಾದ್ದರಿಂದ ಇಸ್ತಾಂಬುಲ್‌ನಲ್ಲಿ ಅವರಿಗೆ ಬಾಗಿಲು ತೆರೆಯಿತು. 1861ರ ಪ್ಯಾರಿಸ್ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಅವರು ಇಟ್ಟ ‘ಭೇಟಿ’ಯ ಚಿತ್ರದಲ್ಲಿ ಬರಿದಾದ ದೊಡ್ಡ ಕೋಣೆ, ಮೈತುಂಬ ಬಟ್ಟೆ ತೊಟ್ಟ ಹೆಂಗಸರು. ನಮ್ಮ ಮನೆಗಳಿಗೆ ನೆಂಟರು ಬಂದಾಗಿನ ಹಾಗೇ ಇದೆ. ಮುಂದಿನ ನಕಲು ಅದೇ.

ಸದ್ಯಕ್ಕೆ ನೆಲದ ಬಿಸಿಲು ಬಾಕಿ. ಕಿಟಕಿಯಲ್ಲಿ ಗುಂಡಗಿರುವ ಚುಕ್ಕಿ ನೆಲಕ್ಕೆ ಬಿದ್ದಾಗ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ದೂರ ಹೋದಷ್ಟೂ ಅಂಚು ಮಸುಕಾಗುತ್ತದೆ. ಚುಕ್ಕಿಗಳ ಹದಿನಾಲ್ಕು ಸಾಲುಗಳಲ್ಲಿ ಆರು ಮುಗಿದಿವೆ.